ಉಪವಾಸದ ದಿನದ ಗುಳಿಗೆ

ಕಾಲುವೆ ನೀರು ಬಂದ ಮೇಲೆ ಶಹಾಪುರದ ಕಡೆ ಭತ್ತ ಬೆಳೆದವರೆಲ್ಲ ಹೊಸ ಮನೆ ಕಟ್ಟಿಸತೊಡಗಿದರು. ಆ ಮನೆಗಳಿಗೆ ಫರಸಿ ಕಲ್ಲು ಹಾಸುವುದು ನನ್ನ ಕೆಲಸ. ಶಾಲೆಯನ್ನು ಎಳೆಯ ವಯಸ್ಸಿನಲ್ಲೇ ಬಿಟ್ಟವನು ನಾನು. ಆದರೆ ನಾನು ಹಾಸಿದ ನೆಲದ ಮೇಲೆ ನೀರು ಸುರಿದರೆ ಒಂದು ಹನಿಯೂ ನಿಲ್ಲುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಿಂದೆ ಹಿಂದೆ ಸರಿಯುತ್ತ ಮಾಡುವ ಕೆಲಸ ಅದು, ಮೈಭಾರವೆಲ್ಲ ಮೊಣಕಾಲಿಗೆ.

ಐವತ್ತು ದಾಟಿದಾಗ ಮೊಣಕಾಲು ಬಾತವು. ಔಷಧಿ ಅಂಗಡಿಯವನು ನೋವು, ಊತಕ್ಕೆಂದು ಗುಳಿಗೆ ಕೊಟ್ಟು, ಊಟವಾದ ಮೇಲೆ ನುಂಗು ಎಂದ. ನುಂಗಿದ ದಿನ ಹುಡುಗನಂತೆ ಕೂತು ಎದ್ದೆ. ಆಮೇಲೆ ಅದಿಲ್ಲದೆ ಬೆಳಗೇ ಆಗಲಿಲ್ಲ.

ಶ್ರಾವಣ ಬಂತು. ನಮ್ಮಲ್ಲಿ ತಿಂಗಳಿಡೀ ಒಪ್ಪತ್ತು, ಸಂಜೆ ಪೂಜೆಯಾದ ಮೇಲೆಯೇ ಊಟ. ಗೋಗಿ ಊರಿನ ಒಂದು ಮನೆಯ ನೆಲ ಅರ್ಧಕ್ಕೆ ನಿಂತಿತ್ತು, ಗೃಹಪ್ರವೇಶ ಹತ್ತಿರ.

"ಖಾಲಿ ಹೊಟ್ಟಿಗಿ ಯಾಕ ನುಂಗಾಕತ್ತೀರಿ?" ಎಂದಳು ಹೆಂಡತಿ.

"ಗುಳಿಗಿ ಏನ್ ರೊಟ್ಟಿ ಏನು? ಉಪಾಸ ಮುರಿಯಂಗಿಲ್ಲ."

"ದೇವ್ರಿಗಿ ಹಂಗ ಹೇಳ್ರಿ. ಹೊಟ್ಟಿಗಿ ಏನ್ ಹೇಳ್ತೀರಿ?"

ಮಲ ಡಾಂಬರಿನಂತೆ ಕಪ್ಪಾದದ್ದನ್ನು ಅವಳಿಗೂ ಹೇಳಲಿಲ್ಲ. ಒಂದು ದಿನ ಕಲ್ಲು ಎತ್ತುವಾಗಲೇ ಕಣ್ಣು ಕತ್ತಲಿಟ್ಟು ಬಿದ್ದೆ. ಯಾದಗಿರಿಯ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು.

"ಹೊಟ್ಟ್ಯಾಗ ಹುಣ್ಣಾಗಿ ರಕ್ತ ಹೋಗ್ಯಾದ. ಇನ್ ಮ್ಯಾಲ ಆ ಗುಳಿಗಿ ಮುಟ್ಟಬ್ಯಾಡ್ರಿ," ಎಂದರು ಡಾಕ್ಟರಮ್ಮ.

"ಮೊಣಕಾಲಿಗಿ ಮತ್ತೇನ್ರಿ?"

"ಮುಲಾಮು ಹಚ್ರಿ. ಕೀಲು ಸವದಾದ. ಗುಳಿಗಿ ನೋವಷ್ಟ ಇಳಸ್ತಿತ್ತು, ಸವದದ್ದು ಬೆಳಸ್ತಿದ್ದಿಲ್ಲ. ಕುಕ್ಕರಗಾಲಿಲೆ ಕುಂದ್ರೂದು ಬಿಡ್ರಿ."

"ಅದು ಬಿಟ್ರ ನಂದೇನ್ ಉಳೀತದ್ರಿ ಅಕ್ಕಾ?"

ಅವರು ಮುಲಾಮಿನ ಚೀಟಿ ಬರೆದು ಕೊಟ್ಟರು.

ನಡೆಯುವಷ್ಟು ಶಕ್ತಿ ಬಂದದ್ದೇ ಗೋಗಿಗೆ ಹೋದೆ. ಮುಲಾಮು ತಿಕ್ಕಿಕೊಂಡೆ, ಕುಕ್ಕರಗಾಲು ಹಾಕಲು ನೋಡಿದೆ. ಮೊಣಕಾಲಲ್ಲಿ ಸಲಾಕೆ ಹೊಕ್ಕಂತಾಯಿತು. ಕೊನೆಗೆ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತೆ.

"ಏನ್ ಮೇಸ್ತ್ರಿ, ಕೂಸಿಗಿ ನೀರ್ ಎರೆಯಾಕ ಕುಂತಂಗ ಕುಂತೀಯಲ್ಲ!" ಮನೆಯ ಯಜಮಾನ ನಕ್ಕ.

ನಾನೂ ನಕ್ಕೆ. ಆದರೆ ಹಾಗೆ ಕೂತರೆ ಕಲ್ಲಿನ ಮೇಲೆ ಭಾರ ಬೀಳುವುದಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಪೊಳ್ಳು ಸದ್ದು, ಕಲ್ಲು ತಳಕ್ಕೆ ಕೂತಿರಲಿಲ್ಲ. ಕಿತ್ತು ಮತ್ತೆ ಹಾಸಿದೆ. ಮತ್ತೂ ಪೊಳ್ಳು. ಎದುರಿಗೇ ಔಷಧಿ ಅಂಗಡಿ, ಬಾಗಿಲು ತೆರೆದಿತ್ತು. ಬಹಳ ಹೊತ್ತು ಅದನ್ನೇ ನೋಡಿದೆ.

"ಸುರಪುರದಿಂದ ಬ್ಯಾರೆ ಮೇಸ್ತ್ರಿನ ಕರಸ್ರಿ," ಎಂದೆ.

"ಏ, ಮಷ್ಕಿರಿಗಿ ಅಂದೆ ಮಾರಾಯ. ಸಿಟ್ಟಾಗಬ್ಯಾಡ."

"ಸಿಟ್ಟಲ್ರಿ. ಕಲ್ಲು ಕುಂದ್ರವಲ್ಲವು."

ಏಳಲು ಆಗಲಿಲ್ಲ. ಅವನು ಕೈ ಚಾಚಿದ. ಬೇಡವೆಂದೆ. ಹಾಸಿ ಮುಗಿಸಿದ್ದ ಅರ್ಧ ನೆಲದ ಮೇಲೆ, ಅಂಗೈ ಊರುತ್ತ, ಬಾಗಿಲವರೆಗೆ ತೆವಳಿಕೊಂಡು ಹೋದೆ.