ನಾನು ನೋಡದ ಗ್ರೀಕ್ ಗುಡಿ

ಹೋದ ವಾರ ಮಂಗಳೂರಿನ ಹಂಪನಕಟ್ಟೆಯ ಜವಳಿ ಅಂಗಡಿಯಲ್ಲಿ ಪರಿಚಯದ ಹೆಂಗಸೊಬ್ಬರು ನನ್ನನ್ನು ತಮ್ಮ ನಾದಿನಿಗೆ ತೋರಿಸಿ, "ಇವರು ಗ್ರೀಸ್ ನೋಡಿ ಬಂದವರು" ಎಂದರು. ನಾನು ತುಸು ನಕ್ಕು ಸೀರೆಯ ಅಂಚನ್ನು ನೋಡುತ್ತ ನಿಂತೆ. ಅವರು ಹೇಳಿದ್ದು ಸುಳ್ಳು. ಗ್ರೀಕರ ಒಂದು ದ್ವೀಪದಲ್ಲಿ ನಾನು ಒಂದು ಹಗಲು ಇದ್ದದ್ದು ನಿಜ. ನೋಡಬೇಕೆಂದು ಹೋದದ್ದನ್ನು ನೋಡದೆ ಬಂದದ್ದು ಅದಕ್ಕಿಂತ ನಿಜ. ದ್ವೀಪದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೋಡಿದವಳ ಗತ್ತು ಬಂದುಬಿಡುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇದು ಸಿಟ್ಟಿನಲ್ಲಿ ಬರೆದದ್ದು. ಸಿಟ್ಟನ್ನು ಆಗಿಂದಾಗ ಆಡಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಅಮ್ಮ ಬೆಳಿಗ್ಗೆ ಪಾತ್ರೆ ಕುಕ್ಕಿದರೆ ಮಧ್ಯಾಹ್ನಕ್ಕೆ ಹಾಡು ಗುನುಗುತ್ತಿರುತ್ತಾರೆ. ನನ್ನದು ಹಾಗಲ್ಲ. ನನ್ನ ಸಿಟ್ಟು ಉಪ್ಪಿಗೆ ಹಾಕಿ ಒಣಗಿಸಿದ ಮೀನಿನ ಹಾಗೆ. ವರ್ಷ ಕಳೆದರೂ ಕೆಡುವುದಿಲ್ಲ, ವಾಸನೆ ಮಾತ್ರ ಇರುತ್ತದೆ.

ಜೆಪ್ಪುವಿನ ನಮ್ಮ ಮನೆಗೆ ಯಜಮಾನರು ನನ್ನ ಸೋದರಮಾವ. ಹುಡುಗರಾಗಿದ್ದಾಗ ದೋಣಿಯಲ್ಲಿ ಮೀನಿಗೆ ಹೋದವರು, ಆಮೇಲೆ ಕೊಲಂಬೊಗೆ ಒಣಮೀನು ಕಳಿಸಿ ದೊಡ್ಡವರಾದರು. ನಮ್ಮದು ಅಳಿಯಸಂತಾನ. ಮನೆತನ ನಡೆಯುವುದು ಹೆಣ್ಣಿನಿಂದ, ಆಸ್ತಿ ಹೋಗುವುದು ಹೆಣ್ಣಿನ ಮಕ್ಕಳಿಗೆ. ಮದರಾಸಿನಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನ ಗೆಳತಿಯರು ಇದನ್ನು ಕೇಳಿ, ನೀವೆಲ್ಲ ರಾಣಿಯರು ಎಂದು ಕರುಬುತ್ತಿದ್ದರು. ಹೌದು, ಇಡೀ ವಂಶ ನನ್ನ ಮೂಲಕವೇ ಮುಂದೆ ಹೋಗಬೇಕು. ನಾನು ಮಾತ್ರ ಮಾವನನ್ನು ಕೇಳದೆ ಸಂಜೆ ಊರೊಳಗಿನ ಬಾವುಟಗುಡ್ಡೆಯವರೆಗೂ ಹೋಗುವಂತಿಲ್ಲ.

ಮಾವನಿಗೆ ಆಯಾಸ ಹೆಚ್ಚಾಗಿ, ಮೂರು ತಿಂಗಳು ಬಂದರಿನ ಕಡೆ ತಲೆ ಹಾಕಕೂಡದೆಂದು ಡಾಕ್ಟರು ಹೇಳಿದರು. ಮಾವ ಈ ಮಾತನ್ನು ಬಹಳ ನಿಷ್ಠೆಯಿಂದ ಪಾಲಿಸಿದರು: ಮಂಗಳೂರಿನ ಬಂದರೊಂದನ್ನು ಬಿಟ್ಟು ಪ್ರಪಂಚದ ಉಳಿದ ಬಂದರುಗಳನ್ನು ನೋಡಲು ಹೊರಟರು. ಬೊಂಬಾಯಿಯಲ್ಲಿ ಹತ್ತಿಸಿಕೊಂಡು, ಸುಯೆಜ್ ದಾಟಿಸಿ, ಭೂಮಧ್ಯ ಸಮುದ್ರದ ಊರುಗಳನ್ನು ತೋರಿಸಿ ಮರಳಿ ತಂದುಬಿಡುವ ವಿಹಾರದ ಹಡಗು. ಇಂಗ್ಲಿಷ್ ಆಡುವ ಒಂದು ಬಾಯಿ ಬೇಕಾಗಿತ್ತು. ಆ ಬಾಯಿಯ ಜೊತೆ ಉಳಿದ ನಾನೂ ಹೋದೆ.

ಹಡಗು ನಿಲ್ಲುವ ಊರುಗಳ ಪಟ್ಟಿಯಲ್ಲಿ ಆ ದ್ವೀಪದ ಹೆಸರು ಕಂಡಾಗ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಅಲ್ಲಿನ ಬೆಟ್ಟದ ಮೇಲಿನ ಗುಡಿಯ ನಕ್ಷೆಯನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಕಂಬಗಳು ಎಷ್ಟೆಂದು ಗೊತ್ತು. ಒಂದೊಂದು ಕಂಬವೂ ನಡುವಿನಲ್ಲಿ ತುಸು ಉಬ್ಬಿರುತ್ತದೆ, ಹಾಗಿದ್ದರೆ ಮಾತ್ರ ಕಣ್ಣಿಗೆ ನೆಟ್ಟಗೆ ಕಾಣುತ್ತದೆ ಎಂಬುದೂ ಗೊತ್ತು. ಆ ಉಬ್ಬನ್ನು ನಾನು ಅಂಗೈಯಿಂದ ಮುಟ್ಟಿ ನೋಡಬೇಕಾಗಿತ್ತು. ಇಡೀ ಪ್ರವಾಸದಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಮಾವ, "ಆಯ್ತು ಮಗಾ, ಅದಕ್ಕೆಂತ, ಹೋಗುವ" ಎಂದಿದ್ದರು.

ಬೆಳಿಗ್ಗೆ ಎಂಟಕ್ಕೆ ದೋಣಿಯಲ್ಲಿ ದಡಕ್ಕೆ ಇಳಿದೆವು. ಗುಡಿಗೆ ಹೊರಟವರು ನಮ್ಮನ್ನು ಬಿಟ್ಟು ಎಂಟು ಜನ, ಜೊತೆಗೊಬ್ಬ ಗೈಡು. ಕಡಲಿನ ಬದಿಯಲ್ಲೇ ಸ್ವಲ್ಪ ನಡೆದರೆ ಬೆಟ್ಟದ ಬುಡ. ಅಲ್ಲಿ ಕತ್ತೆಗಳು ಕಾದಿದ್ದವು. ಎರಡು ಗಂಟೆಗೆ ಎಲ್ಲರೂ ಹಡಗಿಗೆ ಹಿಂತಿರುಗಬೇಕು. ಅರ್ಧ ದಾರಿಯಲ್ಲಿ ಮಾವ ನಿಂತುಬಿಟ್ಟರು.

"ಇದು ನಮ್ಮ ರಂಪಣಿ ಅಲ್ವಾ ಮಾರಾಯ್ತಿ!"

ಹೌದು, ಅದೇ. ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ಕಡೆಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುತ್ತಿದ್ದರು. ಒಂದು ಕಡೆ ಹತ್ತು ಜನ, ಇನ್ನೊಂದು ಕಡೆ ಆರೇ ಜನ. ನಮ್ಮ ಕಡಲ ತೀರದಲ್ಲಿ ಒಂದು ಪದ್ಧತಿ ಇದೆ. ಎಳೆಯುವವರು ಕಡಿಮೆ ಬಿದ್ದರೆ ದಾರಿಯಲ್ಲಿ ಹೋಗುವವನೂ ಕೈಹಾಕಬೇಕು. ಹಾಕಿದವನು ಬಲೆ ದಡಕ್ಕೆ ಬರುವವರೆಗೆ ಹಗ್ಗ ಬಿಡಬಾರದು. ಬಂದ ಮೇಲೆ ಅವನಿಗೂ ಮೀನಿನಲ್ಲಿ ಪಾಲು. ಮಾವ ಷೂ ಕಳಚಿದರು, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು, ಮುಂಡನ್ನು ಮೇಲಕ್ಕೆ ಕಟ್ಟಿ ಏಳನೆಯವರಾಗಿ ನಿಂತರು. ದ್ವೀಪದವರು ಒಮ್ಮೆ ತಿರುಗಿ ನೋಡಿ ಜಾಗ ಬಿಟ್ಟುಕೊಟ್ಟರು.

ಗೈಡು ಗಡಿಯಾರ ನೋಡಿದ. ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸು, ಹುಡುಗಿ ನಮ್ಮ ಜೊತೆಗೆ ಬರಲಿ ಎಂದರು. ನಾನು ಮಾವನ ಹತ್ತಿರ ಹೋದೆ.

"ಮಾವ, ನಾನು ಇವರೊಟ್ಟಿಗೆ ಹೋಗ್ತೇನೆ."

"ಒಬ್ಬಳೇಯಾ?"

"ಒಬ್ಬಳೇ ಎಂತದು? ಎಂಟು ಜನ ಇದ್ದಾರೆ."

"ಅವರು ನಿನಗೆ ಎಂತ ಆಗ್ಬೇಕು? ನಿಲ್ಲು, ಈಗ ಬಲೆ ಬರ್ತದೆ. ನಾನೇ ಕರ್ಕೊಂಡು ಹೋಗ್ತೇನೆ."

"ಹಾಗಾದ್ರೆ ಹಗ್ಗ ಬಿಡಿ."

"ಹಿಡಿದ ಹಗ್ಗ ಬಿಡ್ಲಿಕ್ಕೆ ಉಂಟಾ? ನೀನು ಯಾವ ಮನೆಯ ಹುಡುಗಿ!"

ಎಂಟು ಜನರೂ ಹೋದರು. ನಾನು ಮಗುಚಿ ಹಾಕಿದ್ದ ಒಂದು ದೋಣಿಯ ಮೇಲೆ ಮಾವನ ಕೋಟನ್ನು ಹಿಡಿದುಕೊಂಡು ಕುಳಿತೆ. ಬೆಟ್ಟದ ದಾರಿಯಲ್ಲಿ ಕತ್ತೆಗಳು ಸಣ್ಣವಾಗುತ್ತ ಹೋದವು. ಅಲ್ಲಿ ಕುಳಿತು ನಾನು ಮಾಡಿದ ಲೆಕ್ಕಾಚಾರ ಇಷ್ಟೆ: ಹಗ್ಗ ಎಳೆಯುವ ಆ ಜನ ಮಾವನಿಗೆ ಎಂತ ಆಗಬೇಕು? ಅವರ ಭಾಷೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆದರೂ ಅವರಿಗೆ ಕೊಡದ ಮಾತನ್ನು ಮಾವ ನಡೆಸುತ್ತಿದ್ದಾರೆ; ನನಗೆ ಕೊಟ್ಟ ಮಾತು ನೀರಿಗೆ ಬಿತ್ತು. ಎರಡು ಸಾವಿರ ವರ್ಷಗಳ ಹಿಂದೆ ಇದೇ ಗ್ರೀಕರ ಹಡಗುಗಳು ಮೆಣಸಿಗಾಗಿ ನಮ್ಮ ಕರಾವಳಿಗೆ ಬರುತ್ತಿದ್ದವು. ಅವರು ಯಾರ ಅಪ್ಪಣೆ ಕೇಳಿ ಹೊರಟರೋ ಚರಿತ್ರೆಯಲ್ಲಿ ಬರೆದಿಲ್ಲ. ಅವರ ಹೆಂಡಂದಿರು ಒಳಮನೆಯಲ್ಲಿ ನೂಲುತ್ತ ಕುಳಿತಿದ್ದರೆಂದು ಮಾತ್ರ ಬರೆದಿದೆ. ಆ ಪಾಠವನ್ನು ಓದುವಾಗ ಪಾಪ ಎಂದುಕೊಂಡಿದ್ದೆ. ಅವರಿಗೆ ಕೈಯಲ್ಲಿ ನೂಲಾದರೂ ಇತ್ತು, ನನಗೆ ಇದ್ದದ್ದು ಕೋಟು.

ಬಲೆ ದಡಕ್ಕೆ ಬಂದಾಗ ಹನ್ನೆರಡು ದಾಟಿತ್ತು. ಮೀನು ಹೆಚ್ಚೇನಿರಲಿಲ್ಲ. ಅವರಲ್ಲಿ ಹಿರಿಯನಾದವನು ಮಾವನ ಬೆನ್ನು ತಟ್ಟಿ ಒಂದು ಸಣ್ಣ ಲೋಟದಲ್ಲಿ ಏನೋ ಕುಡಿಯಲು ಕೊಟ್ಟ. ಮಾವ ಮುಟ್ಟಲಿಲ್ಲ. ಮೀನಿನ ರಾಶಿಯ ಹತ್ತಿರವೇ ನಿಂತರು. ಕೊನೆಗೆ ನನ್ನ ಕಡೆ ತಿರುಗಿ, "ಕೇಳು ಮಗಾ, ಪಾಲು ಎಲ್ಲಿ?" ಎಂದರು.

"ಮಾವ, ನಾವು ಪ್ರವಾಸಕ್ಕೆ ಬಂದವರು. ಮೀನು ಕೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ?"

"ನಾಚಿಕೆ ಎಂತಕ್ಕೆ? ಭಿಕ್ಷೆಯಾ ಅದು? ಎಳೆದದ್ದಲ್ವಾ!"

ಅಮೆರಿಕದಲ್ಲಿ ಕೆಲಸ ಮಾಡಿ ಬಂದವನೊಬ್ಬನಿಗೆ ಇಂಗ್ಲಿಷ್ ಬರುತ್ತಿತ್ತು. ಪಟ್ಟುಹಿಡಿದು ಇತಿಹಾಸ ಓದಿದ ನಾನು, ಅವರ ಪೂರ್ವಿಕರ ಗುಡಿಯ ಬಗ್ಗೆ ಒಂದು ಮಾತೂ ಆಡದೆ, ಅವನ ಮುಂದೆ ನಿಂತು ಮೀನು ಕೇಳಿದೆ. ಮೊದಲು ನಕ್ಕರು. ಮಾವ ನಗಲಿಲ್ಲವೆಂದು ಕಂಡ ಮೇಲೆ ಅವರ ಹಿರಿಯ ಒಂದು ದೊಡ್ಡ ಮೀನನ್ನೂ ಎರಡು ಸಣ್ಣವನ್ನೂ ಆರಿಸಿ ಕೊಟ್ಟ. ಮಾವ ತೆಗೆದುಕೊಂಡು, ತೂಗಿ ನೋಡಿ, ನೇರ ನಡೆದು, ದೂರದಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದ ಅಲ್ಲಿನ ವಿಧವೆಯರ ಹಾಗೆ ಕಪ್ಪು ಬಟ್ಟೆ ತೊಟ್ಟ ಮುದುಕಿಯ ಬುಟ್ಟಿಗೆ ಮೂರನ್ನೂ ಹಾಕಿದರು. ಹಗ್ಗ ಹಿಡಿಯಲು ಗಂಡಸಿಲ್ಲದ ಮನೆಗೆ ಒಂದು ಪಾಲು ಹೋಗಬೇಕೆಂಬುದು ನಮ್ಮ ಅಜ್ಜಂದಿರ ಕಾಲದ ನಡವಳಿಕೆ. ಮುದುಕಿ ಮಾವನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಗಂಡಸರೆಲ್ಲ ಟೋಪಿ ತೆಗೆದರು.

ನಾವು ಯಾರ ಮೇಲೆ ಸಿಟ್ಟಾಗಿದ್ದೇವೋ ಅವರು ನಮ್ಮ ಕಣ್ಣೆದುರೇ ಇಷ್ಟು ಒಳ್ಳೆಯವರಾಗಿ ನಡೆದುಕೊಳ್ಳುವುದು ದೊಡ್ಡ ಅನ್ಯಾಯ. ಆಮೇಲೆ ನಮ್ಮ ಸಿಟ್ಟಿಗೆ ಸಾಕ್ಷಿ ಹೇಳುವವರು ಯಾರೂ ಸಿಗುವುದಿಲ್ಲ. ಮಾವ ಒಳ್ಳೆಯವರೆಂದು ನಾನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ಸಿಟ್ಟು ಒಂದು ಚೂರೂ ಇಳಿಯಲಿಲ್ಲ. ಗೊತ್ತಿಲ್ಲದ ಮುದುಕಿಗೆ ಏನು ಬೇಕೆಂದು ದೂರದಿಂದಲೇ ತಿಳಿದ ಮನುಷ್ಯನಿಗೆ, ಕೋಟು ಹಿಡಿದು ಎದುರಿಗೇ ಕುಳಿತವಳು ಕಾಣಲಿಲ್ಲ.

ಬೆಟ್ಟ ಹತ್ತಲು ಹೊತ್ತು ಉಳಿದಿರಲಿಲ್ಲ. ಹಿಂತಿರುಗುವ ದೋಣಿಯಲ್ಲಿ ಆ ಇಂಗ್ಲಿಷ್ ಹೆಂಗಸು ನನ್ನ ಮೊಣಕೈ ಮುಟ್ಟಿ, "ಬರೀ ಕಂಬಗಳು ಕಣಮ್ಮ, ವಿಪರೀತ ಬಿಸಿಲು. ನೀನು ಏನೂ ಕಳೆದುಕೊಳ್ಳಲಿಲ್ಲ" ಎಂದರು. ಸಮಾಧಾನದ ಮಾತೇ. ಆದರೆ ನೋಡಿ ಬೇಸರಪಡುವ ಹಕ್ಕು ಅವರಿಗೆ ಸಿಕ್ಕಿತ್ತು, ನನಗೆ ಅದೂ ಸಿಗಲಿಲ್ಲ. ಮಾವ ಹಗ್ಗ ಎಳೆದು ಅಂಗೈಯಲ್ಲಿ ಎದ್ದ ಬೊಬ್ಬೆಗಳನ್ನು ಸಂತೋಷದಿಂದ ನೋಡಿಕೊಳ್ಳುತ್ತ, "ಇನ್ನೊಮ್ಮೆ ಬರುವ ಮಗಾ" ಎಂದರು. ಜೆಪ್ಪುವಿನಿಂದ ಗ್ರೀಸಿಗೆ ಇನ್ನೊಮ್ಮೆ!

ಮರುದಿನ ಬೆಳಿಗ್ಗೆ ಹಡಗು ಕಲ್ಲಿದ್ದಲು ತುಂಬಿಸಿಕೊಳ್ಳಲು ಒಂದು ರೇವಿನಲ್ಲಿ ನಿಂತಿತು. ಅಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಹಡಗಿನವರೇ ಹೇಳಿದ್ದರು. ಯಾರೂ ಇಳಿಯಲಿಲ್ಲ. ನಾನು ಸೀರೆ ಬದಲಿಸಿ, ಕೊಡೆ ತೆಗೆದುಕೊಂಡು, ಡೆಕ್ಕಿನಲ್ಲಿ ಕುರ್ಚಿ ಹಾಕಿ ಕುಳಿತಿದ್ದ ಮಾವನ ಮುಂದೆ ನಿಂತೆ.

"ಮಾವ, ನಾನು ಊರು ನೋಡಿ ಬರ್ತೇನೆ."

"ಯಾರೊಟ್ಟಿಗೆ?"

"ಯಾರೊಟ್ಟಿಗೂ ಅಲ್ಲ."

ಮಾವ ನನ್ನ ಮುಖವನ್ನು ನೋಡಿದರು. ನಾನು ಕೇಳಿದ್ದಲ್ಲ, ಹೇಳಿದ್ದು ಎಂದು ಅವರಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಆಮೇಲೆ ಕಡಲಿನ ಕಡೆ ತಿರುಗಿ, "ಊಟಕ್ಕೆ ಬರ್ತಿಯಾ?" ಎಂದರು. "ನೋಡುವ" ಎಂದು ಹೇಳಿ ಏಣಿ ಇಳಿದೆ.

ನಾಲ್ಕು ಗಂಟೆ ಸುತ್ತಿದೆ. ಕಾಲು ಮುಂದಿಡುವಾಗ ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಹಿಂತಿರುಗಿದಾಗ ಸೀರೆಯ ಅಂಚೆಲ್ಲ ಕಪ್ಪಾಗಿತ್ತು. ಮಾವ ಏಣಿಯ ತುದಿಯಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಎಂತ ಉಂಟು ಅಲ್ಲಿ?"

"ಕಲ್ಲಿದ್ದಲು."

"ಮತ್ತೆ?"

"ಮತ್ತೂ ಕಲ್ಲಿದ್ದಲು."

"ಅದನ್ನು ನೋಡ್ಲಿಕ್ಕೆ ನಾಲ್ಕು ಗಂಟೆಯಾ ಮಾರಾಯ್ತಿ?"

"ಪೂರ್ತಿ ನೋಡಿ ಆಗ್ಲಿಲ್ಲ ಮಾವ" ಎಂದೆ.