ಬಲಗೈ ಗೊತ್ತು, ಎಡಗೈ ಗೊತ್ತಿಲ್ಲ

ನನ್ನ ತಂಗಿಯ ಮಗಳು ಶಿಕ್ಷಕಿಯ ತರಬೇತಿಗೆಂದು ಹತ್ತು ವಾರ ಒಂದು ಶಾಲೆಗೆ ಹೋದಳು. ಅಲ್ಲಿನ ಹಿರಿಯ ಮೇಷ್ಟ್ರು ಮೊದಲ ದಿನವೇ ಒಂದು ಉಪಾಯ ಹೇಳಿಕೊಟ್ಟರು. ಪ್ರಶ್ನೆ ಕೇಳಿದಾಗ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನೋಡಲು ಬಂದವರಿಗೆ ತರಗತಿಯ ತುಂಬ ಕೈಗಳೇ ಕಾಣುತ್ತವೆ. ಟೀಚರು ಬಲಗೈಯವರನ್ನಷ್ಟೇ ಎಬ್ಬಿಸಿದರಾಯಿತು.

ಇವಳೂ ಹಾಗೇ ಮಾಡಿದಳು. ಎಂಟು ವಾರ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬರುತ್ತಿದ್ದಳು.

ಒಂಬತ್ತನೇ ವಾರ ನೋಟ್‌ಬುಕ್ ತಿದ್ದುವಾಗ ಒಂದು ಹುಡುಗಿಯ ಲೆಕ್ಕವೆಲ್ಲ ಸರಿಯಿರುವುದು ಕಣ್ಣಿಗೆ ಬಿತ್ತು. ದಿನವೂ ಎಡಗೈ ಎತ್ತುವ ಹುಡುಗಿ. ಕರೆದು ಕೇಳಿದಳು. ಹುಡುಗಿ ಎಡಚಿ, ತರಬೇತಿ ಶುರುವಾಗುವ ತುಸು ಮುಂಚೆಯಷ್ಟೇ ಆ ಶಾಲೆಗೆ ಸೇರಿದವಳು. ಕೈಗಳ ಕಟ್ಟಳೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ನಾನು ದಿನಾ ಎತ್ತಿದೀನಿ ಮಿಸ್. ನಿಮಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ."

ಇದನ್ನು ನನಗೆ ಹೇಳುವಾಗ ತಂಗಿಯ ಮಗಳ ದವಡೆ ಬಿಗಿದಿತ್ತು. ಹಿರಿಯ ಮೇಷ್ಟ್ರಿಗೆ ಹೇಳಿದರೆ ಅವರು ನಕ್ಕು, ಒಬ್ಬಳಿಗೋಸ್ಕರ ಗಾಡಿ ನಿಲ್ಲಿಸೋಕಾಗುತ್ತಾ ಎಂದರಂತೆ.

ತರಬೇತಿಯ ಡೈರಿಯಲ್ಲಿ 'ನನ್ನ ಬೆಳವಣಿಗೆ' ಎಂಬ ಪುಟವಿತ್ತು. ಇವಳು ಅಲ್ಲಿ ಎರಡೇ ಸಾಲು ಬರೆದಳು: 'ಎಂಟು ವಾರ ಒಂದು ಮಗು ಕೈ ಎತ್ತಿತು, ನಾನು ಕರೆಯಲಿಲ್ಲ. ಎಡಗೈ ಎತ್ತಿದ ಉಳಿದ ಮಕ್ಕಳಿಗೂ ಏನನ್ನೂ ಕಲಿಸಲಿಲ್ಲ.' ಹಾಳೆ ಹರಿದು ಬೇರೆ ಬರೆಯುವವರೆಗೂ ಸಹಿ ಇಲ್ಲ ಎಂದರು ಮೇಷ್ಟ್ರು. ಸಹಿ ಇಲ್ಲದಿದ್ದರೆ ಹತ್ತು ವಾರವೂ ನೀರಿನಲ್ಲಿ ಹೋಮ.

ನನ್ನ ತಂಗಿ ರೇಗಿದಳು. "ಒಂದು ಹಾಳೆ ಹರಿದ್ರೆ ನಿನ್ನ ಕೈ ಸವೆದು ಹೋಗುತ್ತಾ?"

ಮಗಳು ಹಾಳೆ ಹರಿಯಲಿಲ್ಲ.

ಕೊನೆಯ ಪಾಠ ನೋಡಲು ಅವಳ ತರಬೇತಿ ಕಾಲೇಜಿನವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವರೆದುರೇ ಇವಳು ಮಕ್ಕಳಿಗೆ ಹೇಳಿದಳು: "ಇವತ್ತು ಗೊತ್ತಿದ್ದೋರು ಮಾತ್ರ ಕೈ ಎತ್ತಿ. ಯಾವ ಕೈಯಾದ್ರೂ ಸರಿ." ಅರ್ಧ ದೊಡ್ಡದೋ, ಮೂರನೇ ಒಂದು ಭಾಗ ದೊಡ್ಡದೋ ಎಂಬುದು ಪ್ರಶ್ನೆ. ನಲವತ್ತು ಮಕ್ಕಳಲ್ಲಿ ಎದ್ದದ್ದು ಒಂಬತ್ತು ಕೈ. ಹಿರಿಯ ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಾಯಿತು. ಇವಳು ಎಡಚಿಯನ್ನು ಮೊದಲು ಎಬ್ಬಿಸಿ ಉತ್ತರ ಹೇಳಿಸಿದಳು. ಉಳಿದ ಮೂವತ್ತೊಂದು ಮಕ್ಕಳ ಕೈಗೆ ಕಾಗದದ ಪಟ್ಟಿ ಕೊಟ್ಟು, ಮಡಿಸಿ ಮಡಿಸಿ, ಗಂಟೆ ಹೊಡೆಯುವವರೆಗೂ ಕಲಿಸಿದಳು.

ಮಕ್ಕಳ ಸ್ಪಂದನೆ ತೀರಾ ಕಡಿಮೆ ಎಂದು ಕಾಲೇಜಿನವರು ಬರೆದುಕೊಂಡು ಹೋದರು. ಸಹಿಯೂ ಬೀಳಲಿಲ್ಲ.

ಬರುವ ವರ್ಷ ಮತ್ತೆ ಹತ್ತು ವಾರ, ಬೇರೆ ಶಾಲೆ. ಮೊನ್ನೆ ಡೈರಿಗೆ ರಟ್ಟು ಹಾಕುತ್ತಾ, "ಸಿಟ್ಟು ಇನ್ನೂ ಇಳಿದಿಲ್ಲ ದೊಡ್ಡಮ್ಮ," ಎಂದಳು. ಮನೆಯವರೆಲ್ಲರಿಗೂ ಶಾಂತಿ ಕೊಡಪ್ಪಾ ಎಂದು ದಿನವೂ ದೇವರನ್ನು ಬೇಡುವವಳು ನಾನು. ಅವಳ ಸಿಟ್ಟು ಹಾಗೇ ಇರಲಿ ಎಂದು, ಅಂದು ಅವಳೊಬ್ಬಳನ್ನು ಬಿಟ್ಟು ಬೇಡಿದೆ.