ಬಚ್ಚಲಿಗೆ ಹೋದ ಕಫ

ಬೆಳಗಿನ ಮೊದಲ ದೋಸೆ ಇನ್ನೂ ಕಾವಲಿಯ ಮೇಲಿರುವಾಗಲೇ ಸುಗುಣಾ ಸಟ್ಟುಗವನ್ನು ಗಂಡನ ಕೈಗಿತ್ತು ಹಿಂಬಾಗಿಲಿಗೆ ನಡೆದರು. ಹೋಟೆಲಿನ ಹಿಂದೆ, ಎಣ್ಣೆ ಡಬ್ಬಗಳ ಪಕ್ಕ, ಚರಂಡಿಯ ಜಾಲರಿ. ಅದರ ಮೇಲೆ ಬಗ್ಗಿ ಕೆಮ್ಮಿದರು. ಬಂದದ್ದು ಗಟ್ಟಿ ಕಫವಲ್ಲ. ಗಂಜಿಯ ತಿಳಿಯಂಥ ನೊರೆನೀರು, ಬಾಯಿ ತುಂಬ, ಮತ್ತೆ ಬಾಯಿ ತುಂಬ, ನಾಲಗೆಗೆ ಉಪ್ಪುಪ್ಪು. ಪೈಪು ಹಿಡಿದು ಜಾಲರಿ ತೊಳೆದರು, ಬಾಯಿ ಮುಕ್ಕಳಿಸಿದರು, ಕೈಗೆ ಸೋಪು ಹಚ್ಚಿ ತೊಳೆದು ಒಳಗೆ ಬಂದರು.

"ದೋಸಿ ಕಪ್ಪಾಯ್ತ್ ಕಾಣ್," ಅಂದರು ಗಂಡ ವೆಂಕಪ್ಪ. "ಹಿಂದ್ಗಡೆ ಯಾರ್ ಕಾಯ್ತಾ ಕೂತಿದ್ರ್ ನಿಂಗೆ?"

"ಬಚ್ಚಲ್ ತೊಳಿತಿದ್ದೆ. ನಿಮ್ಗ್ ಒಂದ್ ದೋಸಿ ಮಗ್ಚುಕೂ ಬತ್ತಿಲ್ಲ ಅಲ್ದಾ."

ಅದು 1996ರ ನವೆಂಬರ್. ಹೋಟೆಲು ಇಂಗ್ಲಿಷರ ನಾಡಿನ ರೇನರ್ಸ್ ಲೇನ್ ಎಂಬ ಬಡಾವಣೆಯ ಅಂಗಡಿ ಸಾಲಿನಲ್ಲಿತ್ತು. ಕುಂದಾಪುರದ ಕಡೆಯ ಈ ದಂಪತಿ ಅದನ್ನು ನಡೆಸುತ್ತಿದ್ದರು. ಅಡುಗೆ ಸುಗುಣಾ ಅವರದು, ಗಲ್ಲಾಪೆಟ್ಟಿಗೆ ವೆಂಕಪ್ಪನವರದು. ಸುಗುಣಾ ಅವರಿಗೆ ಐವತ್ತು ದಾಟಿತ್ತು. ಬೀಡಿ ಸಿಗರೇಟು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಮ್ಮು ಹಿಂದಿನ ಚಳಿಗಾಲದ್ದು. ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಒಮ್ಮೆ ಆ್ಯಂಟಿಬಯಾಟಿಕ್ ಕೊಟ್ಟರು, ಆಮೇಲೆ ಇನ್‌ಹೇಲರ್, ಆಮೇಲೆ ಮತ್ತೆ ಆ್ಯಂಟಿಬಯಾಟಿಕ್. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಬುಡದಲ್ಲಿ ಬಿಳಿ ಮಬ್ಬು ಕಾಣಿಸಿತು. ನ್ಯುಮೋನಿಯಾ ಆಗಿದ್ದರೆ ಕೆಲವು ವಾರಗಳಲ್ಲಿ ಕರಗಬೇಕಿತ್ತು. ಕರಗಲಿಲ್ಲ. ಜ್ವರವೂ ಇರಲಿಲ್ಲ. ತೂಕ ಮಾತ್ರ ಇಳಿಯುತ್ತಿತ್ತು, ಮೇಲಿನ ಫ್ಲ್ಯಾಟಿಗೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಗುತ್ತಿತ್ತು.

ಇಂಡಿಯಾದಿಂದ ಬಂದ ಹೆಂಗಸು, ಕೆಮ್ಮು, ಇಳಿದ ತೂಕ: ಆಸ್ಪತ್ರೆಯ ಎದೆರೋಗ ವಿಭಾಗ ಮೊದಲು ಕ್ಷಯವನ್ನು ಶಂಕಿಸಿತು. ಆ ಶಂಕೆ ಅಸಹಜವಾಗಿರಲಿಲ್ಲ. ಖಾತ್ರಿಪಡಿಸಿಕೊಳ್ಳಲು ಮೂರು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಆಳದಿಂದ ಕೆಮ್ಮಿ ಕಫವನ್ನು ಅದರಲ್ಲಿ ಹಿಡಿದು ತರಬೇಕು.

ತಪ್ಪಿದ್ದು ಇಲ್ಲಿ. ಸುಗುಣಾ ಬೆಳೆದ ಮನೆಯಲ್ಲಿ ಬಾಯಿ ತೊಳೆಯದೆ ಯಾರೂ ಏನನ್ನೂ ಮುಟ್ಟುತ್ತಿರಲಿಲ್ಲ. ಎಂಜಲನ್ನು ಇನ್ನೊಬ್ಬರ ಕೈಗೆ ಕೊಡುವುದಂತೂ ಯೋಚಿಸಲಾಗದ ಮಾತು. ರಾತ್ರಿಯೆಲ್ಲ ಎದೆಯಲ್ಲಿ ತುಂಬಿದ್ದ ನೀರನ್ನು ಅವರು ಮೊದಲು ಬಚ್ಚಲಿಗೆ ಕೆಮ್ಮಿ ಚೆಲ್ಲಿದರು. ಹಲ್ಲುಜ್ಜಿ, ಗಂಟಲು ಗಳಗಳಿಸಿ, ಆಮೇಲೆ ಉಳಿದ ಒಂದಿಷ್ಟು ತಿಳಿ ಉಗುಳನ್ನು ಡಬ್ಬಿಗೆ ಹಾಕಿದರು. ಮೂರು ದಿನವೂ ಹಾಗೆಯೇ. ಪ್ರಯೋಗಾಲಯಕ್ಕೆ ಅದರಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ, ಬೇರೇನೂ ಸಿಗಲಿಲ್ಲ.

ಕ್ಲಿನಿಕ್ಕಿನಲ್ಲಿ ಭಾಷಾಂತರಕ್ಕೆ ಮಗಳು ಸೃಷ್ಟಿ ಕೂತಿದ್ದಳು. ಅವಳಿಗೆ ಹತ್ತಿರದ ಹ್ಯಾರೋದ ಬ್ಯಾಂಕಿನಲ್ಲಿ ಕೆಲಸ.

"ಅಮ್ಮಾ, ಕಫ ಎಷ್ಟು ಬರ್ತದೆ ಅಂತ ಕೇಳ್ತಿದ್ದಾರೆ."

"ಸೊಲ್ಪ ಅಂತ ಹೇಳ್."

"ಸೊಲ್ಪ ಅಂದ್ರೆ? ಲೈಕ್, ಒಂದು ಸ್ಪೂನ್?"

"ಹೌದ್, ಅಷ್ಟೇ. ಗಂಡಸ್ರ್ ಎದ್ರಿಗೆ ಅದೆಲ್ಲ ಎಂತಕ್ಕೆ?"

ಒಂದು ಚಮಚ ಎಂದು ಡಾಕ್ಟರು ಬರೆದುಕೊಂಡರು. ಕಫದಲ್ಲಿ ಕ್ರಿಮಿ ಕಾಣಿಸದ ಕ್ಷಯವೂ ಉಂಟು. ಹಾಗಾಗಿ ಅನುಮಾನದ ಮೇಲೆಯೇ ಮಾತ್ರೆ ಶುರುವಾಯಿತು.

ಮಾತ್ರೆಯಿಂದಾಗಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಮಬ್ಬು ಕರಗಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ನೊರೆನೀರು ದಿನಕ್ಕೊಂದು ಚೊಂಬಿನಷ್ಟು ಬರತೊಡಗಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ನಿದ್ದೆ. ಸುಗುಣಾ ಯಾರಿಗೂ ಹೇಳಲಿಲ್ಲ. ಮಾರ್ಚ್‌ನ ಒಂದು ಮಧ್ಯಾಹ್ನ ಸಾಂಬಾರಿನ ಪಾತ್ರೆ ಇಳಿಸುವಾಗ ಕಣ್ಣು ಕತ್ತಲೆ ಬಂದು ಬಿದ್ದರು. ಆಂಬುಲೆನ್ಸ್ ಬಂತು. ಮೈಯಲ್ಲಿ ಉಪ್ಪೂ ನೀರೂ ಅಪಾಯದ ಮಟ್ಟಕ್ಕೆ ಇಳಿದಿದ್ದವು. ಎಲ್ಲಿ ಹೋಗುತ್ತಿವೆ ಎಂಬುದು ವಾರ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಆ ವಾರ್ಡಿನಲ್ಲಿ ನೀರಜಾ ಎಂಬ ಕಿರಿಯ ವೈದ್ಯೆ ಇದ್ದರು, ಧಾರವಾಡದವರು. ರೋಗಿ ಡ್ರಿಪ್ಪಿನ ಕಂಬ ತಳ್ಳಿಕೊಂಡು ಮತ್ತೆ ಮತ್ತೆ ಬಾತ್‌ರೂಮಿಗೆ ಹೋಗುವುದನ್ನು ಅವರು ಗಮನಿಸಿದರು. ಒಳಗೆ ನಲ್ಲಿ ಜೋರಾಗಿ ಹರಿಯುವ ಸದ್ದು, ಅದರಡಿ ಕೆಮ್ಮು. ನೀರಜಾ ಬಾಗಿಲು ತಟ್ಟಿದರು.

"ಅಕ್ಕಾರ, ನಳ ಬಂದ್ ಮಾಡ್ರಿ. ಏನ್ ಬರ್ತದ ನಾ ನೋಡ್ಬೇಕು."

"ಬೇಡ ಡಾಕ್ಟ್ರೇ. ಎಂಜಲು."

"ನನ್ ಕೆಲಸಾನ ಅದ ಅದರಿ. ದಿನಾ ಇದನ್ನ ನೋಡಿ ಹೋಗಿ ಗಡದ್ದ ಉಣ್ತೀನಿ."

"ಇದ್ನ ಕಂಡ್ರೆ ನನ್ನ್ ಕೈಯಡಿಗಿ ಯಾರ್ ಉಣ್ತ್ರ್?"

"ಅದನ್ನ ಆಮ್ಯಾಲೆ ನೋಡೋಣ್ರಿ. ಮೊದ್ಲ ನೀವು ಉಳೀಬೇಕಲ್ಲ."

ಬಾಗಿಲು ತೆರೆಯಿತು. ನೀರಜಾ ಅಳತೆಯ ಜಗ್ ಒಂದನ್ನು ತಂದು ಹಾಸಿಗೆಯ ಪಕ್ಕ ಇಟ್ಟರು, ಸುತ್ತ ಪರದೆ ಎಳೆದರು. ಸಂಜೆಯೊಳಗೆ ಅರ್ಧ ಲೀಟರಿಗೂ ಹೆಚ್ಚು ಸೇರಿತ್ತು.

ಕ್ಷಯದಲ್ಲಿ ಇಷ್ಟು ನೀರು ಬರುವುದಿಲ್ಲ, ಸಾಮಾನ್ಯ ನ್ಯುಮೋನಿಯಾದಲ್ಲೂ ಬರುವುದಿಲ್ಲ. ಶ್ವಾಸಕೋಶದ ಒಂದು ಅಪರೂಪದ ಕ್ಯಾನ್ಸರಿನಲ್ಲಿ ಬರುತ್ತದೆ. ಅದರ ಕೋಶಗಳು ಗಡ್ಡೆ ಕಟ್ಟದೆ, ಗಾಳಿಗೂಡುಗಳ ಗೋಡೆಯನ್ನು ಒಡೆಯದೆ, ಆ ಗೋಡೆಯುದ್ದಕ್ಕೂ ಪಾಚಿಯಂತೆ ಹಬ್ಬಿ ಲೋಳೆನೀರು ಸುರಿಸುತ್ತವೆ. ಹಾಗಾಗಿ ಎಕ್ಸ್‌ರೇಗೆ ಅದು ವಾಸಿಯಾಗದ ನ್ಯುಮೋನಿಯಾದ ಹಾಗೆ ಕಾಣುತ್ತದೆ. ಸಿಗರೇಟು ಮುಟ್ಟದ ಹೆಂಗಸರಲ್ಲೂ ಬರುತ್ತದೆ. ಆದರೆ ನೀರಿನ ಅಳತೆ ಬರೀ ಸುಳಿವು. ಹೆಸರು ಹೇಳಬೇಕಾದರೆ ಕೋಶಗಳನ್ನೇ ನೋಡಬೇಕು. ಜಗ್ಗಿನ ಕಫ ಪ್ರಯೋಗಾಲಯಕ್ಕೆ ಹೋಯಿತು. ಸೂಕ್ಷ್ಮದರ್ಶಕದಡಿ ಕ್ಯಾನ್ಸರ್ ಕೋಶಗಳು ಸಿಕ್ಕವು. ಗಂಟಲಿನ ಮೂಲಕ ಕೊಳವೆ ಇಳಿಸಿ ಶ್ವಾಸಕೋಶದ ಚೂರು ತೆಗೆದರು, ಅದೂ ಅದನ್ನೇ ಹೇಳಿತು. ಕ್ಷಯದ ಮಾತ್ರೆ ನಿಂತಿತು.

ಒಂದು ದಾರಿ ಉಳಿದಿತ್ತು. ರೋಗ ಬಲ ಶ್ವಾಸಕೋಶದ ಬುಡವನ್ನು ದಾಟಿಲ್ಲವಾದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದು. ಸರ್ಜನ್ ಭೇಟಿಗೆ ದಿನ ಗೊತ್ತಾಯಿತು. ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕಿತ್ತು. ಸ್ಕ್ಯಾನ್ ಮುಗಿದು ಫಲಿತಾಂಶಕ್ಕೆ ಕಾಯುವಾಗ ವೆಂಕಪ್ಪ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತರು.

"ಚೊಂಬ್ ಚೊಂಬ್ ಬತ್ತಿತ್ತಂಬ್ರ್. ನಂಗಾರೂ ಹೇಳ್ಲಕಿತ್ತಲ್ಲ ಮಾರಾಯ್ತಿ."

"ಹೇಳಿರೆ ನೀವ್ ನನ್ನ ಒಲಿ ಹತ್ರ ಬಿಡ್ತಿದ್ರಿಯಾ?"

ವೆಂಕಪ್ಪ ಕಂಬಳಿಯ ಅಂಚನ್ನು ಅವರ ಕಾಲಿನಡಿ ಸೇರಿಸತೊಡಗಿದರು.

ಸ್ಕ್ಯಾನಿನಲ್ಲಿ ನೋಡಿದರೆ ಎಡ ಶ್ವಾಸಕೋಶದಲ್ಲೂ ಚುಕ್ಕೆಗಳಿದ್ದವು, ಮೇಲಿಂದ ಕೆಳಗಿನವರೆಗೆ. ಈ ಕೋಶಗಳು ಶ್ವಾಸನಾಳಗಳ ಮೂಲಕವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬಲ್ಲವು ಎಂದು ನೀರಜಾ ವಿವರಿಸಿದರು. ಸೃಷ್ಟಿ ಅವರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದಳು.

"ನಾನು ಒಂದು ಸ್ಪೂನ್ ಅಂತ ಹೇಳ್ದೆ. ಆವಾಗ್ಲೇ ಗೊತ್ತಾಗಿದ್ರೆ? ಟೆಲ್ ಮಿ ಆನೆಸ್ಟ್ಲಿ."

"ಆವಾಗ ತೆಗೆದ ಎಕ್ಸ್‌ರೇದಾಗ ಎಡಗಡೆ ಏನೂ ಕಾಣ್ತಿರಲಿಲ್ಲ," ಅಂದರು ನೀರಜಾ. "ಅಷ್ಟ ನಾ ಹೇಳಬಹುದು. ಅದಕ್ಕಿಂತ ಹೆಚ್ಚು ಹೇಳಿದರ ಸುಳ್ಳಾಗ್ತದ."

ಸೃಷ್ಟಿ ಅದನ್ನು ಅಮ್ಮನಿಗೆ ಹೇಳಲಿಲ್ಲ. ಆಪರೇಷನ್ ಮಾಡಲಾಗುವುದಿಲ್ಲ ಎಂಬುದನ್ನು ಮಾತ್ರ, ಎರಡು ಸಲ ಶುರುಮಾಡಿ ನಿಲ್ಲಿಸಿ, ಮೂರನೆಯ ಸಲ ಹೇಳಿದಳು. ಸುಗುಣಾ ಕೇಳಿಸಿಕೊಂಡರು. ಬಾಯಿಗೆ ಬಂದ ನೀರನ್ನು, ಮಗಳ ಎದುರಿಗೇ, ಜಗ್ಗಿಗೆ ಉಗುಳಿದರು.

ಸರ್ಜನ್ ಭೇಟಿ ರದ್ದಾಯಿತು. ಕಿಮೊಥೆರಪಿಯ ಮೊದಲ ಸುತ್ತು ಈಸ್ಟರ್ ರಜೆ ಕಳೆದ ಮೇಲೆ, ಮಂಗಳವಾರಕ್ಕೆ ಗೊತ್ತಾಯಿತು.